ಮಗು ಫೋನ್ ಕೇಳುತ್ತೆ, ಕೊಡೋದಾ?

ಎರಡು ವರ್ಷದ ಮಗುವಿಗೆ ಫೋನ್ ತೋರಿಸ್ತಾ ಊಟ ಮಾಡಿಸೋದನ್ನ ನೋಡೇ ಇರ್ತೀರಿ. ತಟ್ಟೆಯಲ್ಲಿ ಮೆತ್ತಗೆ ಕಲಸಿದ ಸಾರನ್ನ, ಎದುರಿಗೆ ಚೊಂಬಿಗೆ ಒರಗಿಸಿಟ್ಟ ಫೋನು. ತುತ್ತು ಹತ್ತಿರ ಬಂದ್ರೆ ಬಾಯಿ ತಾನಾಗೇ ತೆರೆಯುತ್ತೆ, ಕಣ್ಣು ಮಾತ್ರ ಅತ್ತಿತ್ತ ಕದಲಲ್ಲ. ಅಗಿಯೋದೂ ಮರೆತು ತುತ್ತು ಕೆನ್ನೆಯಲ್ಲೇ ಕೂತಿರುತ್ತೆ. ವಿಡಿಯೊ ನಿಲ್ಲಿಸಿದ್ರೆ ಊಟಾನೂ ಅಲ್ಲಿಗೇ ನಿಂತುಹೋಯ್ತು.

ಫೋನನ್ನ ಯಾವ ವಯಸ್ಸಿಗೆ ಕೊಡಬಹುದು ಅಂತ ಬಹಳ ಜನ ಕೇಳ್ತಾರೆ. ಅದನ್ನ ಮೊದಲೇ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದ ಒಳಗಿನ ಮಕ್ಕಳು ಸ್ಕ್ರೀನ್ ಮುಂದೆ ಕೂರೋದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೇದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳೋದೂ ಹೆಚ್ಚುಕಡಿಮೆ ಇದನ್ನೇ. ಪುಟ್ಟ ಮಕ್ಕಳು ಬಂಧುಗಳ ಜೊತೆ ಆಗಾಗ ವಿಡಿಯೊ ಕಾಲ್‌ನಲ್ಲಿ ಮಾತಾಡಿದ್ರೆ ತೊಂದರೆ ಇಲ್ಲ ಅಂತಾರೆ.

ವಿಡಿಯೊ ಕಾಲ್‌ಗೆ ಯಾಕೆ ಈ ರಿಯಾಯಿತಿ? ಅದೂ ಅದೇ ಪರದೆ ಅಲ್ವಾ? ನನಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಅನಿಸುತ್ತೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಾತಾಡೋ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸೋ ಪ್ರಯೋಗ ಅದು. ಒಂದು ಗುಂಪಿನ ಜೊತೆ ಮ್ಯಾಂಡರಿನ್ ಬಲ್ಲವರು ನೆಲದ ಮೇಲೆ ಕೂತು ಪುಸ್ತಕ ತೋರಿಸಿದರು, ಆಟ ಆಡಿಸಿದರು. ಇನ್ನೊಂದು ಗುಂಪಿಗೆ ಅವರದ್ದೇ ಮಾತು, ಆದ್ರೆ ಟಿವಿಯಲ್ಲಿ. ಹನ್ನೆರಡು ಪಾಠ ಮುಗಿದ ಮೇಲೆ ಪರೀಕ್ಷೆ ಮಾಡಿದರೆ, ಎದುರಿಗೆ ಕೂತು ಕೇಳಿದ ಕೂಸುಗಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಗುರುತಿಸಿದವು. ಟಿವಿ ನೋಡಿದವು ಕಲಿತದ್ದು ಏನೂ ಇಲ್ಲ.

ಕೂಸಿಗೆ ಬೇಕಾಗಿರೋದು ಬರೀ ಶಬ್ದ ಅಲ್ಲ, ತನ್ನ ಕಡೆ ನೋಡಿ ಉತ್ತರ ಕೊಡೋ ಜೀವ. ಡಲ್ಲಾಸ್‌ನಲ್ಲಿರೋ ಮೊಮ್ಮಗಳಿಗೆ ಹಾಸನದ ಅಜ್ಜಿ ಫೋನಿನಲ್ಲಿ "ಏನು ತಿಂದೆ ಪುಟ್ಟೀ?" ಅಂತ ಕೇಳಿ ಸುಮ್ಮನೆ ಕಾಯ್ತಾರೆ. ಮಗು "ಮಮ್ಮು" ಅನ್ನುತ್ತೆ. "ಮಮ್ಮು ತಿಂದ್ಯಾ! ಯಾರು ತಿನ್ನಿಸಿದ್ರು?" ಅಂತ ಮಾತು ಮುಂದುವರಿಯುತ್ತೆ. ಕಾರ್ಟೂನು ಹೀಗೆ ಕಾಯಲ್ಲ, ಕಾದಂತೆ ನಟಿಸಿದ್ರೂ ಮಗು ಹೇಳಿದ್ದು ಅದಕ್ಕೆ ಕೇಳಿಸಲ್ಲ.

ಹಾಗಾಗಿ ಫೋನ್ ಕೈಗಿಡೋ ಮುಂಚೆ ಕೇಳಬೇಕಾದ್ದು, ಅದು ಯಾವುದರ ಜಾಗದಲ್ಲಿ ಕೂರ್ತಿದೆ ಅಂತ. ಊಟದ ಹೊತ್ತಿನಲ್ಲಿ ಅದು ಹಸಿವಿನ ಜಾಗದಲ್ಲಿ ಕೂತಿರುತ್ತೆ. ಹೊಟ್ಟೆ ತುಂಬಿದ್ದು ಮಗುವಿಗೂ ತಿಳಿಯಲ್ಲ, ತಿನ್ನಿಸೋರಿಗೂ ತಿಳಿಯಲ್ಲ. ಅತ್ತಾಗ ಕೊಟ್ರೆ, ಎತ್ತಿಕೊಂಡು ಬೆನ್ನು ಸವರೋ ಕೈಯ ಜಾಗದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದ ಜೆನ್ನಿ ರಡೆಸ್ಕಿ ಮೂರರಿಂದ ಐದು ವರ್ಷದ ಮಕ್ಕಳನ್ನ ಗಮನಿಸಿದಾಗ, ಸಮಾಧಾನ ಮಾಡೋಕೆ ಪದೇ ಪದೇ ಫೋನ್ ಕೊಡೋದಕ್ಕೂ ಆಮೇಲೆ ಮಕ್ಕಳ ಸಿಡುಕು ಹೆಚ್ಚೋದಕ್ಕೂ ನಂಟು ಕಂಡುಬಂತು, ಗಂಡುಮಕ್ಕಳಲ್ಲಿ ವಿಶೇಷವಾಗಿ. ಊಟ ಮತ್ತು ಅಳು, ಈ ಎರಡಕ್ಕೆ ಮಾತ್ರ ಫೋನ್ ಬೇಡವೇ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹಾಗಂತ, ಬೆಳಗ್ಗೆ ಎಂಟು ಗಂಟೆಗೆ ಒಲೆ ಮೇಲೆ ಒಗ್ಗರಣೆ, ಕಾಲಿಗೆ ಜೋತುಬಿದ್ದ ಮಗು, ಮನೆಯಲ್ಲಿ ಇನ್ನೊಬ್ಬರಿಲ್ಲ, ಅಂಥ ತಾಯಿಗೆ ಉಪದೇಶ ಮಾಡೋಕೆ ನನಗೆ ಮನಸ್ಸಿಲ್ಲ. ಮೂರು ವರ್ಷದ ಮಗು ಇಪ್ಪತ್ತು ನಿಮಿಷ ಏನೋ ನೋಡಿದ್ರೆ ಆಕಾಶ ಬೀಳಲ್ಲ. ಆದ್ರೆ ಕೈಗೆ ಫೋನ್ ಕೊಡೋ ಬದಲು ಟಿವಿಯಲ್ಲಿ ಹಾಕಿ. ದೂರ ಇರುತ್ತೆ, ಬೆರಳಲ್ಲಿ ಸರಿಸೋಕೆ ಬರಲ್ಲ, ಏನು ಓಡ್ತಿದೆ ಅಂತ ನಿಮಗೂ ಕಾಣುತ್ತೆ. ಆಟೊಪ್ಲೇ ಆಫ್ ಮಾಡಿಡಿ. "ಹತ್ತೇ ನಿಮಿಷ" ಅಂದ್ರೆ ಆ ವಯಸ್ಸಿಗೆ ಅರ್ಥ ಆಗಲ್ಲ, "ಈ ಹಾಡು ಮುಗಿದ ಮೇಲೆ ಆಫ್" ಅಂದ್ರೆ ಆಗುತ್ತೆ. ಆಟೊಪ್ಲೇ ಇದ್ರೆ ಹಾಡು ಮುಗಿಯೋದೇ ಇಲ್ಲ! ಕೆಲವು ದಿನ ಕೊತ್ತಂಬರಿ ಸೊಪ್ಪು ಬಿಡಿಸೋಕೆ ಕೂರಿಸಿ ನೋಡಿ. ಅಡುಗೆಮನೆ ಗಲೀಜಾಗುತ್ತೆ, ಆಗಲಿ.

ಇದನ್ನೆಲ್ಲ ಅಮ್ಮ ಒಬ್ಬಳೇ ಪಾಲಿಸಿದ್ರೆ ಸಾಲದು. ಅಪ್ಪ, ಅಜ್ಜಿ, ತಾತ, ಮಗು ನೋಡ್ಕೊಳ್ಳೋರು, ಎಲ್ಲರೂ ಕೂತು ಒಂದು ಮಾತಿಗೆ ಬರಬೇಕು. ಅಜ್ಜಿ ಫೋನ್ ಕೊಡ್ತಾರೆ ಅಂತ ಅವರ ಮೇಲೆ ರೇಗಬೇಡಿ, ಮಂಡಿನೋವಲ್ಲಿ ಇಡೀ ದಿನ ಮಗುವಿನ ಹಿಂದೆ ಓಡೋರು ಅವರು. ಅವರಿಗೆ ಯಾವ ಹೊತ್ತಲ್ಲಿ ಸಹಾಯ ಬೇಕು ಅಂತ ಕೇಳಿ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಎರಡು ವರ್ಷ ತುಂಬಿದ್ರೂ ಮಗು "ಅಮ್ಮ ಬಾ" ಅಂತ ಎರಡು ಪದ ಕೂಡಿಸ್ತಿಲ್ಲ ಅಂದ್ರೆ, ಎಲ್ಲ ಫೋನಿಂದಾನೇ ಆಯ್ತು ಅಂತ ಫೋನ್ ಬಚ್ಚಿಟ್ಟು ಕಾಯ್ತಾ ಕೂರಬೇಡಿ. ಕಿವಿ ಸರಿಯಾಗಿ ಕೇಳಿಸದೇ ಇರಬಹುದು, ಬೇರೆ ಕಾರಣವೂ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಇಂಥ ಕೆಲಸಕ್ಕೆ. "ನಮ್ಮ ವಂಶದಲ್ಲೇ ಮಾತು ತಡ" ಅಂತ ಯಾರಾದ್ರೂ ಸಮಾಧಾನ ಹೇಳಿದ್ರೂ, ಒಂದು ಸಲ ಹೋಗಿ ಬನ್ನಿ.