ಅಂಗಳದ ಕುಂಡದಲ್ಲಿ ನೀಲಗಿರಿ

(ಸುಂಟಿಕೊಪ್ಪದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಮದುವೆ ಮಂಟಪಗಳಲ್ಲಿ, ಹೂಗುಚ್ಛಗಳ ಅಂಚಿನಲ್ಲಿ ಬೂದಿ ಬಳಿದಂತೆ ತೋರುವ ಉರುಟೆಲೆಯ ಕಡ್ಡಿಗಳು ಈಗ ಸಾಮಾನ್ಯ. ಹೂವಿನ ವ್ಯಾಪಾರಿಗಳು 'ಸಿಲ್ವರ್ ಡಾಲರ್' ಎನ್ನುವ ಈ ಸೊಪ್ಪು ನೀಲಗಿರಿಯದೇ ಒಂದು ಪ್ರಭೇದ. ಶಾಸ್ತ್ರೀಯ ನಾಮ ಯೂಕಲಿಪ್ಟಸ್ ಸಿನೆರಿಯಾ, ತವರು ಆಗ್ನೇಯ ಆಸ್ಟ್ರೇಲಿಯ. ಇದನ್ನು ಮನೆಯಲ್ಲಿ ಬೆಳೆಸುವ ಆಸೆ ತಪ್ಪಲ್ಲ. ಆದರೆ ಬೆಳೆಸುವುದು ಕುಂಡದಲ್ಲಿರಲಿ, ನೆಲದಲ್ಲಿ ಬೇಡ.

ನೀಲಗಿರಿ ಕನ್ನಡ ನಾಡಿಗೆ ಬಂದದ್ದೂ ಉದ್ಯಾನದ ಗಿಡವಾಗಿಯೇ. 1790ರ ಸುಮಾರಿಗೆ ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟದಲ್ಲಿ ಅದನ್ನು ನೆಡಿಸಿದನೆಂದು ಅರಣ್ಯ ಗ್ರಂಥಗಳು ಹೇಳುತ್ತವೆ. ಲಂಟಾನದಂತೆ ತಾನಾಗಿ ಹಬ್ಬುವ ಸ್ವಭಾವ ಇದಕ್ಕಿಲ್ಲ, ಮನುಷ್ಯನೇ ಹಬ್ಬಿಸಿದ. 1980ರ ದಶಕದಲ್ಲಿ ಕೋಲಾರದ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದೇ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ನೀರಿನ ಪ್ರಶ್ನೆಯಲ್ಲಿ ಉತ್ಪ್ರೇಕ್ಷೆ ಸಲ್ಲದು. ಕರ್ನಾಟಕದಲ್ಲೇ ನಡೆದ ಜಲಾಧ್ಯಯನಗಳಲ್ಲಿ, ಮಣ್ಣಿನ ಆಳ ಹೆಚ್ಚಿಲ್ಲದ ಕಡೆ ನೀಲಗಿರಿಯು ನಾಡಿನ ಎಲೆಯುದುರುವ ಕಾಡಿಗಿಂತ ಹೆಚ್ಚು ನೀರನ್ನು ಬಳಸಲಿಲ್ಲ. ಆದರೆ ಹೊಸಕೋಟೆಯ ಆಳ ಮಣ್ಣಿನಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಹೀರಿತು; ಬೇರು ವರ್ಷವರ್ಷವೂ ಕೆಳಕ್ಕಿಳಿದು ಹಿಂದಿನ ಕಾಲದ ತೇವವನ್ನೂ ಬಳಸಿಕೊಂಡಿತು. ಆಳವಾದ ಮಣ್ಣು ಕೊಡಗಿನ ಇಳಿಜಾರುಗಳಲ್ಲೂ ಉಂಟು. ಅಂಗಳದಾಚೆ ಬಾವಿ, ಅದರ ಕೆಳಗೆ ಗದ್ದೆ, ಮುಂದೆ ಹಾರಂಗಿ. ಬೇಸಿಗೆಯ ಕೊನೆಯಲ್ಲಿ ಬಾವಿಯ ತಳ ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗದು. ಕುಂಡದ ಬೇರಿಗಾದರೋ ನಾವು ಎರೆದಷ್ಟೇ ನೀರು.

ಇನ್ನು ಆರೈಕೆ. ಎಳೆಯ ಸಸಿಯನ್ನೇ ತರಬೇಕು; ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡ ದೊಡ್ಡ ಗಿಡ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದಡಿ ಬಾಯಿಯ ಮಣ್ಣಿನ ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ನಾಟಿ ಮಾಡುವಾಗ ಬೇರಿನ ಹೆಂಟೆ ಒಡೆಯಬಾರದು. ನೀಲಗಿರಿ ಬರಗಾಲದ ಮರವೆಂಬ ನಂಬಿಕೆ ಕುಂಡಕ್ಕೆ ಅನ್ವಯಿಸದು: ಜನವರಿಯಿಂದ ಏಪ್ರಿಲ್‌ವರೆಗೆ ಮೇಲ್ಮಣ್ಣು ಒಣಗಿದೊಡನೆ ನೀರು ಕೊಡದಿದ್ದರೆ ಗಿಡ ಒಣಗಿಹೋಗುತ್ತದೆ, ಮತ್ತೆ ಚೇತರಿಸುವುದು ಅಪರೂಪ.

ಸುಂಟಿಕೊಪ್ಪದಲ್ಲಿ ನಿಜವಾದ ಪರೀಕ್ಷೆ ಮಳೆಗಾಲದ್ದು. ಎಲೆಯ ಬೂದಿಬಣ್ಣವು ತೆಳುವಾದ ಮೇಣದ ಲೇಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ತಾಗದ, ಬೆಳಕು ಕಡಿಮೆಯಾಗದ ಸೂರಿನಂಚಿಗೆ ಕುಂಡವನ್ನು ಸರಿಸಿ, ಇಟ್ಟಿಗೆಗಳ ಮೇಲಿಡಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಕಾಂಡದ ಮೇಲೆ ಮೊದಲು ರೇಷ್ಮೆಯಂತಹ ಬಿಳಿ ಎಳೆ, ಬಳಿಕ ನಸುಗೆಂಪು ಹೊರಪದರ ಕಂಡರೆ ಅದು ಗುಲಾಬಿ ರೋಗ. ಹೆಚ್ಚು ಮಳೆಯ ಪಶ್ಚಿಮಘಟ್ಟದಲ್ಲಿ ನೀಲಗಿರಿ ನೆಡುತೋಪುಗಳನ್ನು ಹಾಳುಗೆಡವಿದ ಶಿಲೀಂಧ್ರವಿದು, ಕಾಫಿಗೂ ತಗಲುವಂಥದು. ತೋಟದ ಪಕ್ಕದ ಮನೆಯವರು ಇದನ್ನು ಅಸಡ್ಡೆ ಮಾಡುವಂತಿಲ್ಲ. ರೋಗದ ಭಾಗಕ್ಕಿಂತ ಕೆಳಗೆ ಕತ್ತರಿಸಿ ಸುಟ್ಟು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಚಿಗುರಿನ ತೊಟ್ಟು, ನಡುನರಗಳಲ್ಲಿ ಗಂಟುಗಳೆದ್ದರೆ ಅದು ಗಂಟುಕಣಜದ ಕೆಲಸ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2001ರಲ್ಲಿ, ಮಂಡ್ಯ ಜಿಲ್ಲೆಯಲ್ಲಿ. ಅಂತಹ ಚಿಗುರನ್ನೂ ಚಿವುಟಿ ಸುಡುವುದೇ ಲೇಸು.

ಹೂಮಳೆಗೆ ಮುನ್ನ, ಫೆಬ್ರವರಿಯಲ್ಲಿ, ಗಿಡವನ್ನು ಒಂದೂವರೆ ಅಡಿಗೆ ಕತ್ತರಿಸಬೇಕು. ತೊಗಟೆಯಡಿ ಅಡಗಿದ ಮೊಗ್ಗುಗಳು ಒಡೆದು, ಎದುರುಬದುರಾಗಿ ಜೋಡಿಸಿದ ಉರುಟೆಲೆಯ ಹೊಸ ಚಿಗುರು ಬರುತ್ತದೆ. ನಾಲ್ಕೈದನ್ನು ಉಳಿಸಿದರೆ ಸಾಕು. ಕತ್ತರಿಸದೆ ಬಿಟ್ಟರೆ ಸಸಿಯು ಮರವಾಗಲು ಹವಣಿಸುತ್ತದೆ. ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ತಳದ ರಂಧ್ರದಿಂದ ನೆಲಕ್ಕಿಳಿದ ಬೇರುಗಳನ್ನು ಕತ್ತರಿಸಲು ಮರೆಯಬಾರದು.

ಮನೆಯಲ್ಲಿ ಮಕ್ಕಳಿದ್ದರೆ ಎಚ್ಚರ ಅಗತ್ಯ. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ, ಎಳೆಯರಲ್ಲಿ ಅಪಸ್ಮಾರದಂತಹ ಸೆಳೆತ ತರಬಲ್ಲದು. ಎಲೆಯನ್ನು ಕಷಾಯಕ್ಕೆ ಹಾಕುವುದು ಸಲ್ಲದು.

ಕತ್ತರಿಸಿದ ಕಡ್ಡಿಗಳನ್ನು ಎಸೆಯಬೇಕಿಲ್ಲ. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಬಿಸಿನೀರು ಬೆರೆಸಿ, ಬುಡ ಜಜ್ಜಿ ಎರಡು ಮೂರು ವಾರ ನಿಲ್ಲಿಸಿದರೆ ಎಲೆ ಮುದುಡದೆ ತಿಂಗಳುಗಟ್ಟಲೆ ಹೂದಾನಿಯಲ್ಲಿ ಉಳಿಯುತ್ತದೆ.