ಪಾದ್ರಿನೊ ಮತ್ತು ಕೊಂಪಾದ್ರೆ

‘ಅವನಿಗೆ ಗಾಡ್‌ಫಾದರ್ ಇಲ್ಲ, ಅದಕ್ಕೇ ಮೇಲೆ ಬರಲಿಲ್ಲ’ ಎಂಬ ಮಾತು ಕನ್ನಡದಲ್ಲೂ ರಾಜಕೀಯದಿಂದ ಸಿನಿಮಾದವರೆಗೆ ಚಾಲ್ತಿಯಲ್ಲಿದೆ. ಸ್ಪ್ಯಾನಿಷ್‌ನಲ್ಲಿ ಗಾಡ್‌ಫಾದರ್ ಎಂದರೆ ‘ಪಾದ್ರಿನೊ’. 1972ರ ಆ ಪ್ರಸಿದ್ಧ ಹಾಲಿವುಡ್ ಚಿತ್ರಕ್ಕೂ ಅಲ್ಲಿ ‘ಎಲ್ ಪಾದ್ರಿನೊ’ ಎಂದೇ ಹೆಸರು. ಆದರೆ ಈ ಪದ ಹುಟ್ಟಿದ್ದು ಭೂಗತ ಲೋಕದಲ್ಲಲ್ಲ, ಚರ್ಚಿನಲ್ಲಿ. ‘ಪಾದ್ರೆ’ ಎಂದರೆ ತಂದೆ. ಪೋರ್ಚುಗೀಸರಿಂದ ಕನ್ನಡಕ್ಕೆ ಬಂದ ‘ಪಾದ್ರಿ’ ಇದರ ದಾಯಾದಿ. ಮಗುವಿನ ಜ್ಞಾನಸ್ನಾನದ ವೇಳೆ ಅದರ ಧರ್ಮಶಿಕ್ಷಣಕ್ಕೆ ಹೊಣೆ ನಿಲ್ಲುವವನು ಪಾದ್ರಿನೊ, ಹೆಂಗಸಾದರೆ ಮಾದ್ರಿನ.

ಮೆಕ್ಸಿಕೋದಲ್ಲಿ ಈ ಪಾತ್ರ ಇನ್ನಷ್ಟು ಬೆಳೆಯಿತು. ಮದುವೆಯಲ್ಲಿ ವಧೂವರರ ಹೆಗಲಿಗೆ ಇಂಗ್ಲಿಷ್ ಎಂಟರ ಆಕಾರದ ‘ಲಾಸೊ’ ಮಾಲೆ ಹಾಕುವವರು ಪಾದ್ರಿನೊಗಳು. ವರನು ವಧುವಿಗೆ ಒಪ್ಪಿಸುವ 13 ನಾಣ್ಯಗಳ ‘ಅರ್ರಾಸ್’ ತರುವವರೂ ಪಾದ್ರಿನೊಗಳೇ. ಕೇಕಿಗೊಬ್ಬರು, ವಾದ್ಯದವರಿಗೊಬ್ಬರು! ನಗು ಬರಬಹುದು. ಆದರೆ ಒಂದೇ ಮನೆಯ ಮೇಲೆ ಬೀಳುತ್ತಿದ್ದ ಖರ್ಚು ಹೀಗೆ ಹತ್ತು ಮನೆಗಳಿಗೆ ಮರ್ಯಾದೆಯಿಂದ ಹಂಚಿಹೋಗುತ್ತದೆ.

ಇಷ್ಟಾದರೂ ನಿಜವಾದ ಗಂಟು ಬೀಳುವುದು ಹಿರಿಯರ ನಡುವೆ. ಮಗುವಿನ ತಂದೆಯೂ ಪಾದ್ರಿನೊನೂ ಅಂದಿನಿಂದ ಪರಸ್ಪರ ‘ಕೊಂಪಾದ್ರೆ’, ಅಂದರೆ ಜೊತೆತಂದೆ. ಮಕ್ಕಳ ಮದುವೆಯಿಂದ ಹಿರಿಯರು ಬೀಗರಾದಂತೆ ಎನ್ನಿ. ಮಾನವಶಾಸ್ತ್ರಜ್ಞರಾದ ಸಿಡ್ನಿ ಮಿಂಟ್ಸ್ ಮತ್ತು ಎರಿಕ್ ವುಲ್ಫ್ 1950ರ ಲೇಖನವೊಂದರಲ್ಲಿ ಈ ನಂಟನ್ನು ಪರಿಶೀಲಿಸಿದರು. ಅದು ಕೆಲವೆಡೆ ಸರೀಕರನ್ನು ಬೆಸೆದರೆ, ಕೆಲವೆಡೆ ಕೂಲಿಯವನನ್ನು ಜಮೀನ್ದಾರನಿಗೆ ಕಟ್ಟಿಹಾಕುತ್ತದೆ. ಕೂಲಿಯವನಿಗೆ ಕಷ್ಟಕಾಲದಲ್ಲಿ ಒಡೆಯನ ಬಾಗಿಲು ತಟ್ಟುವ ಸಲುಗೆ ಸಿಗುತ್ತದೆ. ಒಡೆಯನಿಗೆ ಮಾತು ಮೀರದ ಆಳು ಸಿಗುತ್ತಾನೆ. ಒಡೆಯನ ಮಗುವಿಗೆ ಕೂಲಿಯವನು ಪಾದ್ರಿನೊ ಆಗುವುದು ಮಾತ್ರ ಅಪರೂಪ.