ಚೌಕವಾದ ತೂತು ಕೊರೆಯುವ ಯಂತ್ರ



ತಿರುಗುವ ಆಯುಧವು ಕೊರೆದ ತೂತು ದುಂಡಗಿರುತ್ತದೆಂಬುದು ಸಣ್ಣ ಮಕ್ಕಳಿಗೂ ತಿಳಿದ ಸಂಗತಿ. ಬೈರಿಗೆಯನ್ನು ಎಷ್ಟೇ ಜಾಣತನದಿಂದ ತಿರುಗಿಸಿದರೂ ಅದರಿಂದ ಚೌಕವಾದ ತೂತು ಹುಟ್ಟಲಾರದು. ಆದರೆ ಮರಗೆಲಸದವನಿಗೆ ಬಹುಮಟ್ಟಿಗೆ ಬೇಕಾಗುವುದು ಚೌಕವಾದ ತೂತೇ. ತಾವು ಈಗ ಕುಳಿತಿರುವ ಮರದ ಕುರ್ಚಿಯನ್ನೇ ನೋಡಿ. ಅದರ ಕಾಲಿಗೂ ಅಡ್ಡಪಟ್ಟಿಗೂ ಸಂಬಂಧ ಕಲ್ಪಿಸಿರುವುದು ಯಾವುದು? ಕಾಲಿನಲ್ಲಿ ನಾಲ್ಕು ಮೂಲೆಯ ಒಂದು ಕುಳಿಯುಂಟು. ಪಟ್ಟಿಯ ತುದಿಯನ್ನು ಕೆತ್ತಿ ಬಿಟ್ಟ ನಾಲಿಗೆಯುಂಟು. ನಾಲಿಗೆ ಕುಳಿಯೊಳಗೆ ಬಿಗಿಯಾಗಿ ಕುಳಿತಿದೆ. ಇಂಗ್ಲಿಷಿನವರು ಇವನ್ನು ಮಾರ್ಟೀಸು, ಟೆನನ್ ಎಂದು ಕರೆಯುತ್ತಾರೆ. ಈ ಹೊತ್ತಿನ ಮಾತಿಗೆ ಕುಳಿ, ನಾಲಿಗೆ ಎಂಬ ಹೆಸರುಗಳೇ ಸಾಕು.

ದುಂಡನೆಯ ತೂತಿನಲ್ಲಿ ದುಂಡನೆಯ ಗೂಟವನ್ನು ಸೇರಿಸಿದರೆ ಆಗದೆ ಎಂದು ಕೇಳಬಹುದು. ಆಗುತ್ತದೆ, ಆದರೆ ದುಂಡನೆಯ ಗೂಟ ತನ್ನ ಸುತ್ತ ತಾನೇ ತಿರುಗಬಲ್ಲದು. ಅದಲ್ಲದೆ, ಅಂಟು ಚೆನ್ನಾಗಿ ಹಿಡಿಯುವುದು ಮರದ ಎಳೆಯ ಉದ್ದಕ್ಕೂ ಇರುವ ಚಪ್ಪಟೆಯ ಮುಖಗಳಲ್ಲಿ. ಎಳೆ ಕತ್ತರಿಸಿಹೋದ ತುದಿಮುಖದಲ್ಲಿ ಅದರ ಹಿಡಿತ ಬಹಳ ಕಡಮೆ. ಚೌಕವಾದ ಕುಳಿಯ ಎರಡು ಅಗಲವಾದ ಪಕ್ಕಗಳು ಇಂಥ ಒಳ್ಳೆಯ ಮುಖಗಳನ್ನು ಒದಗಿಸುತ್ತವೆ. ಬೆಸುಗೆಯ ಬಲವೆಲ್ಲ ಇಲ್ಲಿದೆ.

ಈ ಉಪಾಯ ಎಷ್ಟು ಹಳೆಯದೆಂದರೆ, ಜರ್ಮನಿಯ ಲೈಪ್‌ಜಿಗ್ ನಗರದ ಸುತ್ತಮುತ್ತ ದೊರೆತ ನವಶಿಲಾಯುಗದ ಬಾವಿಗಳ ಓಕ್ ಮರದ ಕಟ್ಟಡದಲ್ಲಿ, ಏಳು ಸಾವಿರ ವರ್ಷಗಳ ಹಿಂದೆಯೇ, ಇದನ್ನು ಬಳಸಿದ್ದಾರೆ. ಲೋಹದ ಉಳಿಯನ್ನೇ ಕಾಣದ ಜನರ ಕೆಲಸವದು. ಈಜಿಪ್ಟಿನ ಮಹಾ ಪಿರಮಿಡ್ಡಿನ ಪಕ್ಕದಲ್ಲಿ ೧೯೫೪ರಲ್ಲಿ ಸಿಕ್ಕಿದ ಖುಫು ದೊರೆಯ ನಾವೆಯ ಹಲಗೆಗಳಲ್ಲಿಯೂ ಇದೇ ಕುಳಿ, ಇದೇ ನಾಲಿಗೆ. ಇಂಗ್ಲೆಂಡಿನ ಸ್ಟೋನ್‌ಹೆಂಜಿನಲ್ಲಿ ನಿಲುಗಲ್ಲುಗಳ ಮೇಲೆ ಅಡ್ಡಗಲ್ಲುಗಳನ್ನು ಕೂರಿಸಿರುವುದೂ ಇದೇ ಮರಗೆಲಸದ ಜಾಣ್ಮೆಯಿಂದ. ಅಷ್ಟು ದೂರ ಹೋಗುವುದೇಕೆ? ನಮ್ಮ ಎತ್ತಿನ ಬಂಡಿಯ ಗಾಲಿಯಲ್ಲಿ ಅರೆಕಾಲುಗಳು ನಡುವಣ ಗುಂಬದ ಕುಳಿಗಳಲ್ಲಿ ನೆಲೆಸಿಯೇ ಭಾರವನ್ನು ಹೊರುತ್ತವೆ.

ಕುಳಿಯನ್ನು ಕೈಯಿಂದ ತೋಡುವ ಕ್ರಮವನ್ನು ಯಾವ ಬಡಗಿಯ ಕೊಟ್ಟಿಗೆಯಲ್ಲಾದರೂ ನೋಡಬಹುದು. ಗುರುತು ಹಾಕಿ, ಉಳಿಯನ್ನು ನೆಟ್ಟಗೆ ನಿಲ್ಲಿಸಿ, ಕೊಡತಿಯಿಂದ ಹೊಡೆದು, ಚಕ್ಕೆಯನ್ನು ಮೀಟಿ ತೆಗೆಯುತ್ತ ಸಾಗಬೇಕು. ಬಲ್ಲವನ ಕೈಯಲ್ಲಿ ಅದು ಹತ್ತು ನಿಮಿಷದ ಕೆಲಸ. ಬಾರದವನ ಕೈಯಲ್ಲಿ ಅರ್ಧ ಗಂಟೆ ಹಿಡಿದು, ಕೊನೆಗೆ ಕುಳಿ ಬಾಯಲ್ಲಿ ಅಗಲವಾಗಿ ಬುಡದಲ್ಲಿ ಓರೆಯಾಗಿರುತ್ತದೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ತತ್ತ್ವಜ್ಞಾನಿ ಜೆರೆಮಿ ಬೆಂತಮನ ತಮ್ಮನಾದ ಸ್ಯಾಮ್ಯುಯೆಲ್ ಬೆಂತಮನು ೧೭೯೩ರಲ್ಲಿ ಮರಗೆಲಸದ ಯಂತ್ರಗಳಿಗೆ ವಿಸ್ತಾರವಾದ ಹಕ್ಕುಪತ್ರವನ್ನು ಪಡೆದನು. ಅನಂತರ ಪೋರ್ಟ್ಸ್‌ಮತ್ ಬಂದರಿನಲ್ಲಿ, ಹಡಗಿನ ಹಗ್ಗಗಳಿಗೆ ಬೇಕಾದ ರಾಟೆಗಳನ್ನು ಮಾಡಲು, ಮಾರ್ಕ್ ಬ್ರುನೆಲನು ಯೋಜಿಸಿ ಹೆನ್ರಿ ಮಾಡ್‌ಸ್ಲೆಯು ನಿರ್ಮಿಸಿದ ಯಂತ್ರಗಳು ಸ್ಥಾಪಿತವಾದವು. ಅಲ್ಲಿಯ ಕುಳಿ ತೋಡುವ ಯಂತ್ರದಲ್ಲಿ ಉಳಿಯು ತಾನೇ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದಿತು. ೧೮೦೮ರ ಹೊತ್ತಿಗೆ ವರ್ಷಕ್ಕೆ ೧,೩೦,೦೦೦ ರಾಟೆಗಳು ಅಲ್ಲಿ ಸಿದ್ಧವಾಗುತ್ತಿದ್ದವೆಂದೂ, ೧೧೦ ಮಂದಿ ಕುಶಲಿಗರು ಮಾಡುತ್ತಿದ್ದ ಕೆಲಸವನ್ನು ಹತ್ತು ಮಂದಿ ಮಾಡುತ್ತಿದ್ದರೆಂದೂ ಇತಿಹಾಸಕಾರರು ಹೇಳುತ್ತಾರೆ. ಉಳಿದ ನೂರು ಮಂದಿಯ ವಿಚಾರಕ್ಕೆ ಆಮೇಲೆ ಬರೋಣ.

ನಾವು ಇಂದು ಹೇಳಬೇಕೆಂದಿರುವ ಯಂತ್ರದ ಹೆಸರು ಹಾಲೋ ಚಿಸಲ್ ಮಾರ್ಟೈಸರ್; ಟೊಳ್ಳು ಉಳಿಯ ಯಂತ್ರವೆನ್ನೋಣ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕೆಯ ಚಿಕಾಗೋ ನಗರದ ಗ್ರೀನ್‌ಲೀ ಎಂಬ ಅವಳಿ ಸೋದರರ ಕಾರ್ಖಾನೆ ಇದನ್ನು ಪ್ರಸಿದ್ಧಿಗೆ ತಂದಿತು. ಇದರ ಗುಟ್ಟು ಬಹಳ ಸರಳ. ನಾಲ್ಕು ಮೂಲೆಯ ಉಕ್ಕಿನ ಕೊಳವೆಯೊಂದನ್ನು ಊಹಿಸಿಕೊಳ್ಳಿ. ಅದರ ಕೆಳತುದಿಯನ್ನು ಒಳಗಡೆಯಿಂದ ಆಲಿಕೆಯ ಆಕಾರದಲ್ಲಿ ಸವೆಸಿ, ನಾಲ್ಕು ಅಂಚುಗಳನ್ನೂ ಹರಿತಗೊಳಿಸಿದೆ. ಈ ಕೊಳವೆಯೊಳಗೆ ತಿರುಪಿನ ಬೈರಿಗೆಯೊಂದು ತಿರುಗುತ್ತದೆ. ಕೊಳವೆ ತಿರುಗುವುದಿಲ್ಲ. ಹಿಡಿಯನ್ನು ಎಳೆದಾಗ ಎರಡೂ ಕೂಡಿ ಮರದೊಳಕ್ಕೆ ಇಳಿಯುತ್ತವೆ. ಬೈರಿಗೆ ದುಂಡನೆಯ ತೂತನ್ನು ಕೊರೆಯುತ್ತದೆ. ಅದರ ಬೆನ್ನಿಗೇ ಕೊಳವೆಯ ಅಂಚುಗಳು ನಾಲ್ಕು ಮೂಲೆಗಳಲ್ಲಿ ಉಳಿದ ಮರವನ್ನು ಕತ್ತರಿಸಿ ಚೌಕಮಾಡುತ್ತವೆ. ಚಕ್ಕೆಗಳು ಬೈರಿಗೆಯ ಸುರುಳಿಯನ್ನು ಹತ್ತಿ ಬಂದು ಕೊಳವೆಯ ಪಕ್ಕದಲ್ಲಿರುವ ಕಿಟಕಿಯ ಮೂಲಕ ಹೊರಕ್ಕೆ ಬೀಳುತ್ತವೆ. ಮನೆಯ ಮೇಜಿನ ಮೇಲೆ ನಿಲ್ಲುವ ಯಂತ್ರಗಳಿಗೆ ಕಾಲು ಅಂಗುಲದಿಂದ ಅರ್ಧ ಅಂಗುಲದವರೆಗಿನ ಉಳಿಗಳು ಸಾಮಾನ್ಯ. ಒಂದು ಕುಳಿಯೆಂದರೆ ಇಂಥ ಚೌಕಗಳನ್ನು ಪಕ್ಕಪಕ್ಕದಲ್ಲಿ ಕೊರೆದ ಸಾಲು.

ಇಷ್ಟನ್ನು ಓದಿ ತಿಳಿದ ಮೇಲೆ ನಾವೂ ಒಂದು ಯಂತ್ರವನ್ನು ತರಿಸಿ ಹಿತ್ತಲ ಕೊಠಡಿಯಲ್ಲಿ ನಿಲ್ಲಿಸಿದೆವು. ನೆಲದ ಮೇಲೆ ಕೂರಲಾರದ ನಮ್ಮ ತಾಯಿಯವರಿಗಾಗಿ, ದೇವರ ಮನೆಯಲ್ಲಿ ಇಡಲು, ಗಿಡ್ಡನೆಯ ತೇಗದ ಪೀಠವೊಂದನ್ನು ಮಾಡುವುದು ನಮ್ಮ ಮೊದಲ ಸಂಕಲ್ಪ. ನಾಲ್ಕು ಕಾಲು, ನಾಲ್ಕು ಪಟ್ಟಿ, ಎಂಟು ಕುಳಿ. ಮಳೆಗಾಲದ ಒಂದು ಭಾನುವಾರ ಎಂಟೂ ಕುಳಿಗಳನ್ನು ಕೊರೆದು ಮುಗಿಸಿದೆವು. ಮೂರನೆಯ ಕುಳಿಯಲ್ಲಿ ಹೊಗೆ ಬಂದಿತು. ಉಳಿಯ ತುದಿ ನೀಲಿಗೆ ತಿರುಗಿತು. ನಾಲಿಗೆಗಳು ಕುಳಿಗಳಲ್ಲಿ ತುಸು ಆಡುತ್ತಿದ್ದವು. ಅಂಟನ್ನು ಧಾರಾಳವಾಗಿ ಸುರಿದು, ಬಿಗಿದಿಟ್ಟು, ಮೆರುಗೆಣ್ಣೆ ಬಳಿದು ಸಂತೋಷಪಟ್ಟೆವು. ಪೀಠ ಆರು ತಿಂಗಳು ನಿಂತಿತು. ಬೇಸಗೆಯ ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ, ಒಂದು ಬೆಳಗ್ಗೆ ಕಾಲೊಂದು ಕಳಚಿ ತಾಯಿಯವರು ಪಕ್ಕಕ್ಕೆ ಬಿದ್ದರು. ಮಣಿಕಟ್ಟು ಊದಿತು, ದೈವಕೃಪೆಯಿಂದ ಮೂಳೆ ಮುರಿಯಲಿಲ್ಲ. ನಾವು ಪೇಚಾಡುತ್ತಿದ್ದುದನ್ನು ಕಂಡು ಅವರು, “ಹೋಗಲಿ ಬಿಡಪ್ಪ, ನೀನು ಓದಿದವನು ಅಂತ ಆ ಮರಕ್ಕೇನು ಗೊತ್ತು?” ಎಂದರು.

ನಮ್ಮ ಮನೆಯ ಬಾಗಿಲು ಕಿಟಕಿಗಳನ್ನು ಮಾಡಿದ ವೃದ್ಧ ಬಡಗಿಯೊಬ್ಬರನ್ನು ಕರೆಸಿ ಮುರಿದ ಕಾಲನ್ನು ತೋರಿಸಿದೆವು. ಅವರು ಕುಳಿಯೊಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ, “ಸ್ವಾಮಿ, ಇದರ ಗೋಡೆ ಗರಗಸದ ಹಲ್ಲು ಇದ್ದ ಹಾಗಿದೆಯಲ್ಲ!” ಎಂದರು. “ಯಂತ್ರದಲ್ಲಿ ಕೊರೆದದ್ದು, ಆಚಾರ್ರೆ,” ಎಂದೆವು. “ಯಂತ್ರವನ್ನು ನಂಬಿದಿರಿ, ಸರಿ. ಮೂಲೆಮಟ್ಟವನ್ನೂ ಒಂದು ಮಾತು ಕೇಳಬೇಕಾಗಿತ್ತು,” ಎಂದು ನಕ್ಕರು. ಅಂದಿನಿಂದ ನಾವು ಕಲಿತುಕೊಂಡ ನಾಲ್ಕಾರು ಸಂಗತಿಗಳನ್ನು, ನಮ್ಮ ತಪ್ಪು ಇತರರಿಗೆ ಬಾರದಿರಲೆಂದು, ಇಲ್ಲಿ ಒಪ್ಪಿಸುತ್ತೇವೆ.

ಮೊದಲನೆಯದು, ಬೈರಿಗೆಗೂ ಉಳಿಗೂ ನಡುವಣ ಅಂತರ. ಬೈರಿಗೆಯ ತುದಿ ಉಳಿಯ ಅಂಚಿಗಿಂತ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಕೆಳಗಿರಬೇಕು. ಇಲ್ಲದಿದ್ದರೆ ಬೈರಿಗೆ ಉಳಿಯನ್ನೇ ಉಜ್ಜುತ್ತದೆ, ಚಕ್ಕೆ ಸಿಕ್ಕಿಕೊಳ್ಳುತ್ತದೆ, ಎರಡೂ ಕಾಯುತ್ತವೆ. ಉಕ್ಕು ನೀಲಿಯಾಯಿತೆಂದರೆ ಅದು ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದಿತೆಂದು ಅರ್ಥ. ಅದರ ಹದ ಕೆಟ್ಟು ಅಂಚು ಬೇಗ ಮೊಂಡಾಗುತ್ತದೆ. ಅಂತರವನ್ನು ಕಾಪಾಡಲು ಒಂದು ಸುಲಭೋಪಾಯವುಂಟು. ಉಳಿಯನ್ನು ಅದರ ಗೂಡಿಗೆ ಏರಿಸುವಾಗ, ಅದರ ಭುಜಕ್ಕೂ ಗೂಡಿಗೂ ನಡುವೆ ಒಂದು ರೂಪಾಯಿಯ ನಾಣ್ಯವನ್ನು ಸೇರಿಸಿ ಬಿಗಿಯಿರಿ. ಬೈರಿಗೆಯನ್ನು ಉಳಿಗೆ ತಾಗುವವರೆಗೆ ಮೇಲಕ್ಕೆ ಒತ್ತಿ ಅದನ್ನೂ ಬಿಗಿಯಿರಿ. ಆಮೇಲೆ ಉಳಿಯನ್ನು ಸಡಿಲಿಸಿ, ನಾಣ್ಯವನ್ನು ತೆಗೆದು, ಉಳಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಗಿಯಿರಿ. ನಾಣ್ಯದ ದಪ್ಪದಷ್ಟು ಅಂತರ ತಾನಾಗಿಯೇ ದೊರೆಯುತ್ತದೆ. ಇಷ್ಟನ್ನು ಮಾಡುವ ಮುನ್ನ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕೆಂಬುದನ್ನು ಮರೆಯಲಾಗದು.

ಎರಡನೆಯದು, ಮೂಲೆಮಟ್ಟದ ಮಾತು. ಮರವನ್ನು ಆನಿಸಿಡುವ ಹಿಂಬದಿಯ ಪಟ್ಟಿಗೆ ಉಳಿಯ ಮುಖ ಸಮಾನಾಂತರವಾಗಿರಬೇಕು. ಉಳಿ ಕೂದಲೆಳೆಯಷ್ಟು ತಿರುಗಿ ನಿಂತರೂ ಪ್ರತಿಯೊಂದು ಚೌಕವೂ ಓರೆಯಾಗಿ ಬಿದ್ದು ಕುಳಿಯ ಗೋಡೆ ಹಲ್ಲುಹಲ್ಲಾಗುತ್ತದೆ. ಆಗ ನಾಲಿಗೆ ಆ ಹಲ್ಲುಗಳ ತುದಿಗೆ ಮಾತ್ರ ತಾಗುತ್ತದೆ. ನಡುವಣ ಸಂದುಗಳನ್ನು ಅಂಟು ತುಂಬಬಹುದೇ ಹೊರತು ಹೊರಲಾರದು. ನಮ್ಮ ಪೀಠ ಮುರಿದದ್ದು ಇದರಿಂದಲೇ.

ಮೂರನೆಯದು, ಕೊರೆಯುವ ಅನುಕ್ರಮ. ನಾವು ಒಂದು ಕೊನೆಯಿಂದ ಆರಂಭಿಸಿ ಒಂದರ ಪಕ್ಕದಲ್ಲೊಂದು ಕೊರೆಯುತ್ತ ಹೋಗಿದ್ದೆವು. ಆಗ ಉಳಿಯ ಒಂದು ಕಡೆ ಗಟ್ಟಿ ಮರ, ಇನ್ನೊಂದು ಕಡೆ ಬರಿಯ ಬಯಲು; ಉಳಿ ಬಯಲಿನ ಕಡೆಗೆ ಬಾಗುತ್ತದೆ. ಮೊದಲು ಎರಡು ಕೊನೆಗಳನ್ನೂ ಕೊರೆಯಬೇಕು. ಆಮೇಲೆ ನಡುನಡುವೆ, ಉಳಿಯ ಅಗಲಕ್ಕಿಂತ ತುಸು ಕಡಮೆಯಾದ ಗೋಡೆಗಳನ್ನು ಬಿಟ್ಟು ಕೊರೆಯಬೇಕು. ಕಟ್ಟಕಡೆಗೆ ಆ ಗೋಡೆಗಳನ್ನು ತೆಗೆಯಬೇಕು. ಉದಾಹರಣೆಗೆ, ೧೦ ಮಿಲಿಮೀಟರಿನ ಉಳಿಯಿಂದ ೪೬ ಮಿಲಿಮೀಟರು ಉದ್ದದ ಕುಳಿ ಬೇಕಾದರೆ, ಎರಡು ಕೊನೆಗಳಲ್ಲಿ ಒಂದೊಂದು, ನಟ್ಟನಡುವೆ ಒಂದು. ಆಗ ಎಂಟೆಂಟು ಮಿಲಿಮೀಟರಿನ ಎರಡು ಗೋಡೆಗಳು ಉಳಿಯುತ್ತವೆ. ಅವುಗಳ ಎರಡು ಪಕ್ಕವೂ ಬಯಲಾದುದರಿಂದ ಉಳಿ ಯಾವ ಕಡೆಗೂ ವಾಲದು. ಒಟ್ಟು ಐದು ಇಳಿತ. ಉಳಿಯ ಕಿಟಕಿ ಎಡಕ್ಕೋ ಬಲಕ್ಕೋ, ಎಂದರೆ ಕುಳಿಯ ಉದ್ದದ ಕಡೆಗೆ, ಮುಖಮಾಡಿರಬೇಕು. ಚಕ್ಕೆ ತೆರೆದ ಜಾಗಕ್ಕೆ ಬೀಳುತ್ತದೆ. ಒಮ್ಮೆಗೇ ಆಳಕ್ಕೆ ಹೋಗದೆ ನಡುನಡುವೆ ಹಿಡಿಯನ್ನು ಮೇಲಕ್ಕೆತ್ತಿ ಚಕ್ಕೆಗೆ ದಾರಿಕೊಡಬೇಕು.

ನಾಲ್ಕನೆಯದು, ಅಳತೆಯ ವಿವೇಕ. ಪಟ್ಟಿಯ ದಪ್ಪದಲ್ಲಿ ಮೂರರಲ್ಲೊಂದು ಪಾಲು ನಾಲಿಗೆಗೆ ಎಂಬುದು ಹಳೆಯ ವಾಡಿಕೆ. ಕುಳಿಯನ್ನು ಮೊದಲು ಕೊರೆದು, ನಾಲಿಗೆಯನ್ನು ಅದಕ್ಕೆ ಹೊಂದಿಸಿ ಕೆತ್ತಬೇಕು. ಏಕೆಂದರೆ ಉಳಿಯ ಅಗಲವನ್ನು ನಾವು ಬದಲಾಯಿಸಲಾರೆವು, ನಾಲಿಗೆಯನ್ನು ಕೀಸಬಲ್ಲೆವು. ಕುಳಿಯ ಆಳ ನಾಲಿಗೆಯ ಉದ್ದಕ್ಕಿಂತ ಎರಡು ಮೂರು ಮಿಲಿಮೀಟರು ಹೆಚ್ಚಿರಲಿ. ಹೆಚ್ಚಾದ ಅಂಟಿಗೆ ಅದು ಆಶ್ರಯ.

ಐದನೆಯದು, ಹರಿತ. ಅಂಗಡಿಯಿಂದ ಬಂದ ಉಳಿ ಎಷ್ಟೋ ವೇಳೆ ಹರಿತವಾಗಿರುವುದಿಲ್ಲ. ಒಳಗಡೆಯ ಓರೆಯನ್ನು ಶಂಕುವಿನಾಕಾರದ ಸಾಣೆಯಿಂದ ತೀಡಬೇಕು. ಹೊರಮುಖಗಳನ್ನು ನುಣ್ಣನೆಯ ಕಲ್ಲಿನ ಮೇಲೆ ಹಗುರವಾಗಿ ಮಾತ್ರ ಎಳೆಯಬೇಕು, ಹೆಚ್ಚು ಸವೆದರೆ ಉಳಿಯ ಅಳತೆಯೇ ಕಡಮೆಯಾಗುತ್ತದೆ. ಉಳಿಯು ಮರದಲ್ಲಿ ಕಚ್ಚಿಕೊಂಡು ಮೇಲೇಳುವಾಗ ಮರವನ್ನೂ ಎತ್ತುವುದರಿಂದ, ಮರವನ್ನು ಮೇಲಿನಿಂದ ಅದುಮಿ ಹಿಡಿಯುವ ಏರ್ಪಾಡು ಭದ್ರವಾಗಿರಬೇಕು. ಕಣ್ಣಿಗೆ ಕನ್ನಡಕವಿರಲಿ, ಪಂಚೆಯ ಸೆರಗೂ ಅಂಗಿಯ ತೋಳೂ ಯಂತ್ರದಿಂದ ದೂರವಿರಲಿ.

ಸಾಮಾನ್ಯವಾಗಿ ತೂತು ಕೊರೆಯುವ ನಿಲುವು ಯಂತ್ರಕ್ಕೇ ಟೊಳ್ಳು ಉಳಿಯನ್ನು ಜೋಡಿಸುವ ಸಲಕರಣೆಯೂ ದೊರೆಯುತ್ತದೆ. ಅಪರೂಪಕ್ಕೆ ಬೇಕಾದವರಿಗೆ ಅದು ಸಾಕು. ಆದರೆ ಅದರ ಹಿಡಿ ಚಿಕ್ಕದು. ಗಟ್ಟಿ ಮರದಲ್ಲಿ ಬೇಕಾಗುವ ಒತ್ತಡ ಅದಕ್ಕೆ ಭಾರ. ಇನ್ನು, ವರ್ಷಕ್ಕೆ ನಾಲ್ಕು ಕುಳಿ ತೋಡುವವನಿಗೆ ಯಾವ ಯಂತ್ರವೂ ಬೇಡ. ಒಂದು ಒಳ್ಳೆಯ ಉಳಿ, ಒಂದು ಕೊಡತಿ ಇದ್ದರೆ ಆಯಿತು.

ಈಗ ಪೋರ್ಟ್ಸ್‌ಮತ್ತಿನ ನೂರು ಮಂದಿಯ ಪ್ರಶ್ನೆ. ಯಂತ್ರ ಬಂದರೆ ಕುಶಲಿಗನ ಅನ್ನ ಹೋಗುವುದಿಲ್ಲವೆ? ಹೋದದ್ದುಂಟು, ಅದನ್ನು ಮರೆಮಾಚುವುದು ನ್ಯಾಯವಲ್ಲ. ಕಾರ್ಖಾನೆಯ ಧಣಿ ಯಂತ್ರವನ್ನು ತರುವುದು ಆಳನ್ನು ಕಡಮೆ ಮಾಡುವುದಕ್ಕಾಗಿ. ಮನೆಯ ಕೊಠಡಿಯಲ್ಲಿ ಯಂತ್ರವಿಟ್ಟುಕೊಂಡವನ ಸ್ಥಿತಿ ಬೇರೆ. ಅವನು ಯಾರ ಕೆಲಸವನ್ನೂ ಕಸಿದುಕೊಳ್ಳುವುದಿಲ್ಲವಾದರೂ ತನ್ನನ್ನು ತಾನೇ ವಂಚಿಸಿಕೊಳ್ಳುವ ಅಪಾಯ ಅವನಿಗುಂಟು. ಬಡಗಿಯ ತೋಳಿನ ಶ್ರಮವನ್ನು ಯಂತ್ರ ಮಾಡಿಕೊಡುತ್ತದೆ. ಆದರೆ ನಾಲಿಗೆ ಆಡುತ್ತಿದೆ, ಈ ಕುಳಿ ಕೆಟ್ಟಿತು, ಈ ಮರವನ್ನು ಬಿಸಾಡಿ ಬೇರೆ ಮಾಡಬೇಕು ಎಂದು ನಿರ್ಧರಿಸುವ ಬುದ್ಧಿಯನ್ನು ಅದು ಕೊಡುವುದಿಲ್ಲ. ಅಂದು ನಾಲಿಗೆ ಸಡಿಲವಾದುದನ್ನು ನಮ್ಮ ಕೈ ನಮಗೆ ತಿಳಿಸಿತ್ತು. ಯಂತ್ರದ ಕೆಲಸ ತಪ್ಪಾಗಲಾರದೆಂದು ನಾವು ಕೇಳದೆ ಹೋದೆವು.

ಪೀಠವನ್ನು ಮತ್ತೆ ಮಾಡಿದೆವು. ಕುಳಿಗಳನ್ನು ಅದೇ ಯಂತ್ರದಲ್ಲಿ ಕೊರೆದೆವು. ನಾಲಿಗೆಗಳನ್ನು ಆಚಾರ್ಯರು ಪಕ್ಕದಲ್ಲಿ ಕುಳಿತು ನಮ್ಮ ಕೈಯಿಂದಲೇ ಕೆತ್ತಿಸಿದರು. ಪ್ರತಿಯೊಂದು ಸೇರುವೆಯಲ್ಲೂ ಅಡ್ಡಲಾಗಿ ಒಂದು ಮರದ ಗೂಟವನ್ನು, ನಾಲಿಗೆಯ ತೂತನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿ, ಹೊಡೆಸಿದರು. ಗೂಟ ಇಳಿದಂತೆಲ್ಲ ಪಟ್ಟಿಯನ್ನು ಕಾಲಿನ ಕಡೆಗೆ ಎಳೆದು ಬಿಗಿಯುತ್ತದೆ. ಎರಡು ಬೇಸಗೆಗಳು ಕಳೆದಿವೆ. ಪೀಠ ಅಲ್ಲಾಡಿಲ್ಲ. ನಮ್ಮ ತಾಯಿಯವರು ಮಾತ್ರ ಇಂದಿಗೂ ಕೂರುವ ಮುನ್ನ ಅದರ ಒಂದು ಕಾಲನ್ನು ಹಿಡಿದು ಅಲುಗಿಸಿ ನೋಡುತ್ತಾರೆ. ನಾವು ಸುಮ್ಮನೆ ನಿಂತಿರುತ್ತೇವೆ.